ಕರೆಂಟ್ ಹೋದರೂ ಅಣಬೆ ಉಳಿಯಬೇಕು: ಕಲಬುರಗಿ ಬಿಸಿಲಲ್ಲಿ ಖೋಲಿಯೊಳಗೆ ಬೆಳೆಯುವವರಿಗೆ

ಅಣಬೆ ಖೋಲಿ ಶುರು ಮಾಡಬೇಕೆಂದು ಬರುವವರು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಟನ್ ಎಸಿ ಹಾಕಿಸಬೇಕ್ರಿ ಅಕ್ಕಾ?’ ನಾನು ತಿರುಗಿ ಕೇಳುವುದೂ ಒಂದೇ: ‘ಮೇ ತಿಂಗಳ ಮಧ್ಯಾಹ್ನ ಒಂದಕ್ಕೆ ಕರೆಂಟ್ ಹೋದ್ರ ನಿಮ್ಮ ಖೋಲಿ ಎಷ್ಟು ತಾಸು ತಡೀತದ?’ ಈ ಲೆಕ್ಕ ಗೊತ್ತಿಲ್ಲದೆ ಎಸಿ ಕೊಂಡರೂ ನಷ್ಟ, ಇನ್ವರ್ಟರ್ ಕೊಂಡರೂ ನಷ್ಟ. ಗೊತ್ತಿದ್ದರೆ ಎಷ್ಟೋ ಸಲ ಎರಡರಲ್ಲಿ ಒಂದು ಬೇಕಾಗುವುದೇ ಇಲ್ಲ.

ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ನಾನು ಚಿಪ್ಪಣಬೆ (ಆಯ್ಸ್ಟರ್), ಹಾಲಣಬೆ (ಮಿಲ್ಕಿ) ಎರಡೂ ಬೆಳೆಯುತ್ತೇನೆ. ಮೊದಲ ವರ್ಷ ಹೊಲದ ಬದುವಿನಲ್ಲಿ ಪತ್ರಾ (ತಗಡಿನ) ಶೆಡ್ ಹಾಕಿ, ಒಳಗೆ ಥರ್ಮೊಕೋಲ್ ಬಡಿಸಿ, ಒಂದೂವರೆ ಟನ್ನಿನ ಎಸಿ ಕೂಡಿಸಿದ್ದೆ. ಏಪ್ರಿಲ್ ಕೊನೆಯಲ್ಲಿ ಸಂಜೆ ಬಿರುಗಾಳಿ ಬೀಸಿ ಕಂಬ ಉರುಳಿದವು, 19 ತಾಸು ಕರೆಂಟ್ ಬರಲಿಲ್ಲ. ಮರುದಿನ ಮಧ್ಯಾಹ್ನ ನನ್ನ ಜೊತೆ ಕೆಲಸ ಮಾಡುವ ಹುಡುಗಿ ಒಂದು ಚೀಲದ ಮೇಲೆ ಅಂಗೈ ಇಟ್ಟು, ‘ಅಕ್ಕಾ, ಮುಟ್ಟಿ ನೋಡ್ರಿ, ಜ್ವರ ಬಂದಂಗ ಕಾದಾವ’ ಅಂದಳು. ಒದ್ದೆ ಹುಲ್ಲು ತುಂಬಿ ಅಣಬೆ ಬೀಜ ಹಾಕಿ 12 ದಿನವಾಗಿದ್ದ 180 ಚೀಲ. ಬೆಳ್ಳಗೆ ಹತ್ತಿಯ ಹಾಗೆ ಹಬ್ಬಿದ್ದ ಅಣಬೆಯ ಬೂಸ್ಟು (ಅಣಬೆ ಮೂಡುವುದು ಈ ಬಿಳೀ ಎಳೆಗಳಿಂದಲೇ) ಹಳದಿ ನೀರು ಬಿಟ್ಟಿತ್ತು. ನಾಲ್ಕೈದು ದಿನಕ್ಕೆ ಬೆಳೆ ಕೆಡಿಸುವ ಹಸಿರು ಬೂಸ್ಟು ಏರಿ ಎಲ್ಲವನ್ನೂ ತಿಪ್ಪೆಗೆ ಹಾಕಬೇಕಾಯಿತು.

ಆಗ ನನಗೆ ಗೊತ್ತಿರದ ಸಂಗತಿಯೊಂದಿದೆ. ಅಣಬೆ ಬೂಸ್ಟು ಬೆಳೆಯುವಾಗ ಉಸಿರಾಡುತ್ತದೆ, ತಾನೇ ಕಾವು ಹುಟ್ಟಿಸುತ್ತದೆ. ಖೋಲಿಯ ಗಾಳಿಗಿಂತ ಚೀಲದ ಒಳಗೆ 2ರಿಂದ 4 ಡಿಗ್ರಿ ಹೆಚ್ಚೇ ಇರುತ್ತದೆ. ಗೋಡೆಯ ಥರ್ಮಾಮೀಟರ್ 32 ತೋರಿಸಿದರೆ ಚಿಪ್ಪಣಬೆಯ ಚೀಲದ ನಡುವೆ 35 ಇದೆಯೆಂದು ತಿಳಿಯಿರಿ. ಅದು ಅಪಾಯದ ಗೆರೆ. ಇನ್ನು ಒಂದೊಂದಾಗಿ ಮಾಡಬೇಕಾದ್ದನ್ನು ಹೇಳುತ್ತೇನೆ. ಕ್ರಮ ಮುಖ್ಯ. ಯಂತ್ರ ಕೊಳ್ಳುವ ಮಾತು ಬೇಕೆಂದೇ ಕೊನೆಯ ಕಡೆಗೆ ಇಟ್ಟಿದ್ದೇನೆ.

1. ಖೋಲಿ ತಡೆಯುವ ತಾಸು ಅಳೆಯಿರಿ

ಇದಕ್ಕೆ ಎರಡು ಥರ್ಮಾಮೀಟರ್ ಮತ್ತು ತೇವಾಂಶ ತೋರಿಸುವ ಒಂದು ಹೈಗ್ರೋಮೀಟರ್ ಸಾಕು. ಒಂದು ಥರ್ಮಾಮೀಟರ್ ಖೋಲಿಯ ನಡುವೆ ಎದೆಮಟ್ಟದಲ್ಲಿ ತೂಗುಹಾಕಿ. ಇನ್ನೊಂದು ಉದ್ದ ಕಡ್ಡಿಯದ್ದಿರಲಿ, ಅದನ್ನು ಒಂದು ಚೀಲದ ಮಧ್ಯಕ್ಕೆ ಚುಚ್ಚಿ. ಬೆಳೆ ಇನ್ನೂ ಹಾಕಿಲ್ಲವೆಂದರೆ ಒದ್ದೆ ಹುಲ್ಲು ತುಂಬಿದ ಚೀಲಗಳನ್ನಿಟ್ಟು ಪರೀಕ್ಷೆ ಮಾಡಿ. ಖಾಲಿ ಖೋಲಿ ಬೇಗ ಕಾಯುತ್ತದೆ, ತುಂಬಿದ ಖೋಲಿ ನಿಧಾನ. ಖಾಲಿಯಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ.

ಏಪ್ರಿಲ್ ಅಥವಾ ಮೇ ತಿಂಗಳ ಒಂದು ಬಿರುಬಿಸಿಲ ದಿನ ಖೋಲಿಯನ್ನು ಚೆನ್ನಾಗಿ ತಂಪು ಮಾಡಿ, ಮಧ್ಯಾಹ್ನ 12ಕ್ಕೆ ಮೇನ್ ಸ್ವಿಚ್ ಕೆಳಗಿಳಿಸಿ. ಬಾಗಿಲು ಮುಚ್ಚಿ. ಕಾಲು ತಾಸಿಗೊಮ್ಮೆ ಮೂರೂ ಅಂಕಿ ಬರೆದುಕೊಳ್ಳಿ. ಅಪಾಯದ ಗೆರೆ ಮುಟ್ಟುವ ಮೊದಲೇ ನಿಲ್ಲಿಸಬೇಕು; ಚಿಪ್ಪಣಬೆಗಾದರೆ ಚೀಲದೊಳಗೆ 32, ಹಾಲಣಬೆಗಾದರೆ 38 ಮುಟ್ಟುವವರೆಗೆ ಎಷ್ಟು ಹೊತ್ತಾಯಿತೋ ಅದೇ ನಿಮ್ಮ ಖೋಲಿಯ ತಾಸು. ನನ್ನ ಪತ್ರಾ ಶೆಡ್ಡಿನಲ್ಲಿ ಚಿಪ್ಪಣಬೆಗೆ ಬಂದದ್ದು 50 ನಿಮಿಷ. ಈಗಿರುವ ಹಳೇ ಮನೆಯ ಖೋಲಿಯಲ್ಲಿ ಅದೇ ಬೆಳೆಗೆ 5 ತಾಸಿಗಿಂತ ಮೇಲೆ ಬರುತ್ತದೆ. ಎರಡಕ್ಕೂ ಒಂದೇ ಹಳ್ಳಿ, ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್), ಒಂದೇ ಲೈನು.

2. ಗೋಡೆ, ಮಾಳಿಗೆ, ನೆರಳು

ನಮ್ಮ ಕಡೆಯ ಹಳೇ ಮನೆಗಳನ್ನು ಕಟ್ಟಿದವರು ಈ ಬಿಸಿಲನ್ನು ಬಲ್ಲವರು. ಮೊಳಗಟ್ಟಲೆ ದಪ್ಪದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ್ ಫರಸಿ, ಸಣ್ಣ ಕಿಟಕಿ. ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ. ಹಗಲು ಹೊರಗಿನ ಕಾವು ಆ ದಪ್ಪ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ, ರಾತ್ರಿ ಕಿಟಕಿ ತೆರೆದರೆ ಹೊರಟು ಹೋಗುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಇಂಥ ಮನೆಗಳು ಬೀಗ ಹಾಕಿಕೊಂಡು ನಿಂತಿವೆ, ಮನೆಯವರು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದಾರೆ. ಹೊಸ ಶೆಡ್ಡಿಗೆ ಸಾಲ ಮಾಡುವ ಮೊದಲು ಅಂಥದ್ದೊಂದು ಮನೆಯನ್ನು ಬಾಡಿಗೆಗೆ ಕೇಳಿ ನೋಡಿ. ನಾನು ಮಾಡಿದ್ದು ಅದೇ. ಎಸಿ ಮಾರಿ ಬಂದ ದುಡ್ಡಿನಲ್ಲಿ ಮಾಳಿಗೆಯ ಸೋರಿಕೆ ಮುಚ್ಚಿಸಿದೆ.

ಪತ್ರಾ ಶೆಡ್ಡೇ ಇದೆ, ಬೇರೆ ದಾರಿಯಿಲ್ಲ ಅನ್ನುವವರು ಮೊದಲು ಮೇಲೆ ಕೈ ಹಾಕಿ. ಕಾವು ಬರುವುದು ಹೆಚ್ಚಾಗಿ ತಲೆಯ ಮೇಲಿನಿಂದ. ಪತ್ರಾದಿಂದ ಒಂದು ಅಡಿ ಮೇಲೆ ಬಿದಿರಿನ ಹಂದರ ಕಟ್ಟಿ ಜೋಳದ ಕಣಕಿ ಅಥವಾ ಕಬ್ಬಿನ ರವದಿ ಹೊದಿಸಿ. ನಡುವಿನ ಸಂದಿಯಲ್ಲಿ ಗಾಳಿ ಆಡಬೇಕು, ಆದ್ದರಿಂದ ಪತ್ರಾಕ್ಕೆ ತಾಗಿಸಿ ಹೊದಿಸಬೇಡಿ. ಪತ್ರಾದ ಮೇಲ್ಮೈಗೆ ದಪ್ಪಗೆ ಸುಣ್ಣ ಬಳಿಯಿರಿ, ಪ್ರತಿ ಮಾರ್ಚ್‌ನಲ್ಲಿ ಮತ್ತೆ ಬಳಿಯಿರಿ. ಪಡುವಣ ಗೋಡೆಗೆ ಸಂಜೆಯ ಬಿಸಿಲು ಹೊಡೆಯುತ್ತದೆ. ಅಲ್ಲಿ ನುಗ್ಗೆ ಗಿಡ ಹಚ್ಚಿದರೆ ಎರಡನೇ ವರ್ಷಕ್ಕೇ ನೆರಳು, ಜೊತೆಗೆ ನುಗ್ಗೆಕಾಯಿ. ಒಳಗಿನ ಗೋಡೆಗೆ ಅರ್ಧ ಗೇಣು ಬಿಟ್ಟು ಗೋಣಿ ತಟ್ಟು ಇಳಿಬಿಟ್ಟು ಒದ್ದೆಯಾಗಿಡಿ. ಕಣಕಿಗೆ ಬೆಂಕಿಯ ಭಯ ಇದ್ದೇ ಇದೆ, ಆದ್ದರಿಂದ ವೈರು ಯಾವುದೂ ಹಂದರದ ಮೂಲಕ ಹೋಗಬಾರದು.

3. ಋತು ನೋಡಿ ಬೆಳೆ ಆರಿಸಿ

ಬಟನ್ ಅಣಬೆಯ ಆಸೆ ಎಲ್ಲರಿಗೂ ಇದೆ, ಮಾರುಕಟ್ಟೆಯಲ್ಲಿ ಗಿರಾಕಿಗೆ ಗೊತ್ತಿರುವುದು ಅದೇ. ಅದಕ್ಕೆ ಬೂಸ್ಟು ಹಬ್ಬುವಾಗ 22ರಿಂದ 25 ಡಿಗ್ರಿ, ಅಣಬೆ ಮೂಡುವಾಗ 14ರಿಂದ 18 ಡಿಗ್ರಿ ಬೇಕು. ಹೊರಗೆ 42, 43 ಇರುವ ಊರಿನಲ್ಲಿ ಒಳಗೆ 16 ಇಡುವುದೆಂದರೆ ಹಗಲೂ ರಾತ್ರಿ ಕರೆಂಟಿನ ಜೊತೆ ಕುಸ್ತಿ. ಸಣ್ಣ ಬೆಳೆಗಾರರು ಅದಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಚಿಪ್ಪಣಬೆಗೆ 20ರಿಂದ 30 ಡಿಗ್ರಿ, ಹಾಲಣಬೆಗೆ 30ರಿಂದ 35 ಡಿಗ್ರಿ, ಎರಡಕ್ಕೂ ಶೇ 80ರಿಂದ 85ರಷ್ಟು ತೇವಾಂಶ. ನಮ್ಮ ವರ್ಷವನ್ನು ಇದಕ್ಕೆ ಹೊಂದಿಸಿದರೆ ಹೀಗಾಗುತ್ತದೆ. ದಸರೆ ಮುಗಿದು ಚಳಿ ಶುರುವಾದಾಗಿನಿಂದ ಶಿವರಾತ್ರಿವರೆಗೆ ಚಿಪ್ಪಣಬೆ, ಆಗ ತಂಪು ಪುಕ್ಕಟೆ, ತೇವ ಮಾತ್ರ ಕೊಟ್ಟರಾಯಿತು. ಮಾರ್ಚ್‌ನಿಂದ ಮೃಗಶಿರಾ ಮಳೆ ಬೀಳುವವರೆಗೆ ಹಾಲಣಬೆ ಮಾತ್ರ. ಮಳೆಗಾಲದಲ್ಲಿ ತೇವವೂ ಪುಕ್ಕಟೆ, ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಬೀದರ್ ಎತ್ತರದ ಊರು, ಅಲ್ಲಿಯವರಿಗೆ ಚಿಪ್ಪಣಬೆಯ ಕಾಲ ಹಿಂದೆ ಮುಂದೆ ಒಂದೆರಡು ವಾರ ಹೆಚ್ಚು ಸಿಗುತ್ತದೆ. ಯಾದಗಿರಿಯವರಿಗೆ ಬಿಸಿಲು ನಮ್ಮಷ್ಟೇ, ಆದರೆ ಶಹಾಪುರ, ಸುರಪುರದ ಕಾಲುವೆ ಭಾಗದಲ್ಲಿ ಭತ್ತದ ಹುಲ್ಲು ಮನೆ ಬಾಗಿಲಲ್ಲೇ ಇದೆ.

ಹಾಲಣಬೆಯ ಇನ್ನೊಂದು ಗುಣವನ್ನು ಕರೆಂಟಿನ ಲೆಕ್ಕದಲ್ಲಿ ಯಾರೂ ಹೇಳುವುದಿಲ್ಲ. ಚಿಪ್ಪಣಬೆ ಕಿತ್ತ ಮರುದಿನಕ್ಕೇ ಬಾಡುತ್ತದೆ, ಫ್ರಿಜ್ ಬೇಕೇ ಬೇಕು. ಹಾಲಣಬೆ ಗಟ್ಟಿ ಜಾತಿ, ತಂಪು ಜಾಗದಲ್ಲಿ ಹೊರಗಿಟ್ಟರೂ ಮೂರು ದಿನ ತಾಳುತ್ತದೆ. ಬೇಸಿಗೆಯಲ್ಲಿ, ಕರೆಂಟ್ ಹೆಚ್ಚು ಕೈಕೊಡುವ ಕಾಲದಲ್ಲೇ, ನಿಮಗೆ ಫ್ರಿಜ್ಜಿನ ಚಿಂತೆ ಇಲ್ಲದ ಬೆಳೆ ಇರುತ್ತದೆ. ಚಿಪ್ಪಣಬೆ ಉಳಿದರೆ ಒಣಗಿಸಿ. ಹತ್ತು ಕಿಲೋ ಹಸಿಯದ್ದು ಸುಮಾರು ಒಂದು ಕಿಲೋ ಆಗುತ್ತದೆ, ನಮ್ಮ ಬಿಸಿಲಿಗಿಂತ ಒಳ್ಳೆಯ ಡ್ರೈಯರ್ ಇಲ್ಲ.

ಬೀಜ ಮತ್ತು ತರಬೇತಿಗೆ ಕಲಬುರಗಿ, ಬೀದರಿನ ಜನವಾಡ, ಯಾದಗಿರಿ ಜಿಲ್ಲೆಯ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲೂ ಬೀಜ ಸಿಗುತ್ತದೆ. ಬೇಸಿಗೆಯಲ್ಲಿ ಬೀಜ ತರುವುದಾದರೆ ರಾತ್ರಿ ಬಸ್ಸಿಗೆ ತನ್ನಿ. ದಾರಿಯಲ್ಲಿ ಬೆಂದ ಬೀಜವನ್ನು ಯಾವ ಎಸಿಯೂ ಉಳಿಸುವುದಿಲ್ಲ.

4. ವ್ಯಾಟು, ತಾಸು, ಯೂನಿಟ್ಟು

ಯಂತ್ರದ ಹಿಂದೆ ಬರೆದ ವ್ಯಾಟನ್ನು ಓಡುವ ತಾಸಿನಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ಟು. 20 ಅಡಿ ಉದ್ದ, 12 ಅಡಿ ಅಗಲದ, ಸುಮಾರು 300 ಚೀಲ ಹಿಡಿಯುವ ಖೋಲಿಯನ್ನೇ ತೆಗೆದುಕೊಳ್ಳಿ. 200 ವ್ಯಾಟಿನ ಕೂಲರ್ 12 ತಾಸು ಓಡಿದರೆ 2.4 ಯೂನಿಟ್. 60 ವ್ಯಾಟಿನ ಎರಡು ಎಕ್ಸಾಸ್ಟ್ ಫ್ಯಾನು ತಲಾ 10 ತಾಸು ಓಡಿದರೆ 1.2. ಮಂಜು ಹಾರಿಸುವ ಅರ್ಧ ಎಚ್‌ಪಿ ಪಂಪು ಎಲ್ಲ ಕೂಡಿ ದಿನಕ್ಕೆ ಅರ್ಧ ತಾಸು, ಕಾಲು ಯೂನಿಟ್. 10 ವ್ಯಾಟಿನ ಎರಡು ಎಲ್‌ಇಡಿ 10 ತಾಸು, 0.2. ಒಟ್ಟು ದಿನಕ್ಕೆ 4 ಯೂನಿಟ್ಟು, ತಿಂಗಳಿಗೆ 120ರ ಆಸುಪಾಸು. ಅದೇ ಖೋಲಿಗೆ ಒಂದೂವರೆ ಟನ್ನಿನ ಎಸಿ ಹಾಕಿ, ಸರಾಸರಿ 1200 ವ್ಯಾಟಿನಂತೆ 20 ತಾಸು ಓಡಿದರೆ ಅದೊಂದೇ ದಿನಕ್ಕೆ 24 ಯೂನಿಟ್, ತಿಂಗಳಿಗೆ 720.

ಇಷ್ಟಕ್ಕೇ ನಿಲ್ಲಬೇಡಿ. ಒಂದು ಕಿಲೋ ಅಣಬೆಗೆ ಎಷ್ಟು ಯೂನಿಟ್ ಬಿತ್ತು ಎಂಬ ಲೆಕ್ಕ ಇಡಿ. ಚೀಲಕ್ಕೆ ಒಂದು ಕಿಲೋ ಒಣಹುಲ್ಲು ಹಾಕಿ, ಅದರಿಂದ 700 ಗ್ರಾಂ ಅಣಬೆ ಬಂತೆಂದರೆ 300 ಚೀಲಕ್ಕೆ 210 ಕಿಲೋ. ಬೀಜ ಹಾಕಿದಂದಿನಿಂದ ಕೊನೆಯ ಕೊಯ್ಲಿನವರೆಗೆ ಒಂದೂವರೆ ತಿಂಗಳು, 180 ಯೂನಿಟ್. ಕಿಲೋಗೆ ಒಂದು ಯೂನಿಟ್ಟಿಗಿಂತ ಕಡಿಮೆ. ಎಸಿ ಖೋಲಿಯಲ್ಲಿ ಇದು 5 ದಾಟುತ್ತದೆ. ಪ್ರತಿ ಭಾನುವಾರ ಬೆಳಗ್ಗೆ ಮೀಟರಿನ ಕೆಡಬ್ಲ್ಯುಎಚ್ (ಯೂನಿಟ್) ಅಂಕಿಯನ್ನೂ ಆ ವಾರ ಕಿತ್ತ ಅಣಬೆಯ ತೂಕವನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಕಿಲೋಗೆ ಬೀಳುವ ಯೂನಿಟ್ ಇದ್ದಕ್ಕಿದ್ದಂತೆ ಏರಿದರೆ ಎಲ್ಲೋ ಕೂಲರಿನ ಪ್ಯಾಡ್ ಕಟ್ಟಿದೆ, ಬಾಗಿಲಿನ ಸಂದಿ ಬಿಟ್ಟಿದೆ, ಇಲ್ಲವೇ ಬೆಳೆ ಸೋತಿದೆ. ಬಿಲ್ಲು ಬರುವವರೆಗೆ ಕಾಯದೆ ವಾರದಲ್ಲೇ ಗೊತ್ತಾಗುತ್ತದೆ.

ಬೆಳಕಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬೂಸ್ಟು ಹಬ್ಬುವಾಗ ಕತ್ತಲೆಯೇ ಬೇಕು, ಮೂಡುವಾಗ ಪುಸ್ತಕ ಓದುವಷ್ಟು ಬೆಳಕು ಸಾಕು. ಉತ್ತರದ ಕಿಟಕಿಯೇ ಅದನ್ನು ಕೊಡುತ್ತದೆ.

5. ಮೀಟರ್ ಯಾವ ದರ್ಜೆಯದ್ದು?

ಇಲ್ಲಿ ತಪ್ಪು ಮಾಡಿದವರು ಬಹಳ. ಮನೆಯ ಮೀಟರಿನಿಂದಲೇ ವೈರು ಎಳೆದು ಖೋಲಿ ನಡೆಸಿದರೆ ಗೃಹಜ್ಯೋತಿಯ 200 ಯೂನಿಟ್ಟಿನೊಳಗೆ ಮುಗಿದೀತು ಎಂಬ ಲೆಕ್ಕ ಕೆಲವರದು. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಒಂದು ದರ್ಜೆಯ ಸಂಪರ್ಕವನ್ನು ಇನ್ನೊಂದು ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನ್ವಯವಾಗುವ ದರದ ಎರಡು ಪಟ್ಟು ಹಾಕಬಹುದು. ಯಾವಾಗಿನಿಂದ ಎಂಬುದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಹಾಕುತ್ತಾರೆ. ಪಂಪ್‌ಸೆಟ್ಟಿನ ಲೈನಿಗೂ ಇದೇ ಮಾತು. ಅದು ನೀರಾವರಿಗೆಂದು ಕೊಟ್ಟ ಕರೆಂಟು, ಮೇಲಾಗಿ ತ್ರೀ ಫೇಸ್ ಬರುವುದು ದಿನದ ಕೆಲವೇ ತಾಸು. ಅಣಬೆಗೆ ಅದು ಆಗಿಬರುವುದಿಲ್ಲ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ಎಲ್‌ಟಿ–5 ಎಂಬ ಕೈಗಾರಿಕಾ ದರ್ಜೆಯಿದೆ. ಕೋಳಿ ಫಾರ್ಮು, ಹಿಟ್ಟಿನ ಗಿರಣಿಗಳ ಜೊತೆಗೆ ಅಣಬೆ ಬೆಳೆಯುವ ಘಟಕದ ಹೆಸರೂ ಅದರಲ್ಲಿದೆ. ಅಂಗಡಿಗಳಿಗೆ ಹಾಕುವ ಎಲ್‌ಟಿ–3ಕ್ಕಿಂತ ಇಲ್ಲಿ ಯೂನಿಟ್ಟಿನ ದರ ಕಡಿಮೆ. ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಹಾಕುವಾಗ ‘ಅಣಬೆ ಬೇಸಾಯ ಘಟಕ’ ಎಂದೇ ಬರೆಯಿರಿ. ‘ವ್ಯಾಪಾರ’ ಎಂದು ಬರೆದರೆ ಎಲ್‌ಟಿ–3ಕ್ಕೆ ಹೋಗುತ್ತದೆ, ಆಮೇಲೆ ಬದಲಿಸಲು ಅಲೆದಾಟ. ಲೋಡ್ ಎಷ್ಟು ಬೇಕೋ ಅಷ್ಟೇ ಮಂಜೂರು ಮಾಡಿಸಿ. ನಿಗದಿತ ಶುಲ್ಕ ಲೋಡಿನ ಮೇಲೆ ಬೀಳುತ್ತದೆ, ಓಡಿಸಿದರೂ ಬಿಟ್ಟರೂ ಕಟ್ಟಬೇಕು.

ಜಾಗ ಆರಿಸುವ ಹಂತದಲ್ಲೇ ಇದ್ದೀರಿ ಎಂದರೆ ನಿರಂತರ ಜ್ಯೋತಿ ಫೀಡರ್ ಎಲ್ಲಿಯವರೆಗೆ ಬಂದಿದೆ ಎಂದು ಲೈನ್‌ಮನ್‌ನನ್ನು ಕೇಳಿ. ಊರಿನ ಲೈನನ್ನು ಪಂಪ್‌ಸೆಟ್ಟಿನ ಲೈನಿನಿಂದ ಬೇರೆ ಮಾಡಿರುವ ವ್ಯವಸ್ಥೆ ಅದು. ಹೊಲದಲ್ಲಿ ಎಷ್ಟೇ ಒಳ್ಳೆಯ ನೆರಳಿರಲಿ, ಊರೊಳಗಿನ ಖೋಲಿಗೆ ಕರೆಂಟ್ ಹೆಚ್ಚು ತಾಸು ಸಿಗುತ್ತದೆ.

6. ಕೂಲರ್ ಕೂಡಿಸುವ ಬಗೆ

ಕಲಬುರಗಿಯಲ್ಲಿ ಕೂಲರ್ ಇಲ್ಲದ ಮನೆ ಹುಡುಕಿದರೂ ಸಿಗಲಿಕ್ಕಿಲ್ಲ. ನಮ್ಮ ಬೇಸಿಗೆ ಒಣ ಬೇಸಿಗೆ, ಅದೇ ನಮಗೆ ದೊಡ್ಡ ವರ. ಹೊರಗೆ 43 ಡಿಗ್ರಿ, ತೇವಾಂಶ ಶೇ 15 ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 23ರ ಹತ್ತಿರ ತೋರಿಸುತ್ತದೆ. ಒಳ್ಳೆಯ ಪ್ಯಾಡಿನ ಕೂಲರ್ ಆ 20 ಡಿಗ್ರಿ ಅಂತರದ ಮುಕ್ಕಾಲು ಭಾಗ ಇಳಿಸಬಲ್ಲದು, ಅಂದರೆ ಗಾಳಿ 28ಕ್ಕೆ ಬಂದು ಒಳಗೆ ಬೀಳುತ್ತದೆ. ಖೋಲಿಯೊಳಗೆ ಅದು 30, 31 ಆಗುತ್ತದೆ. ಹಾಲಣಬೆ ಬೇಡುವುದೂ ಅದನ್ನೇ. ತಂಪಿನ ಜೊತೆಗೇ ತೇವವೂ ಬರುವುದರಿಂದ ಮಂಜಿನ ಪಂಪಿನ ಕೆಲಸ ಅರ್ಧ ಇಳಿಯುತ್ತದೆ. ಎಸಿ ಇದಕ್ಕೆ ಉಲ್ಟಾ, ಗಾಳಿಯ ತೇವ ಹೀರಿ ಹೊರಗೆ ಸುರಿಯುತ್ತದೆ, ಆ ತೇವವನ್ನು ಮತ್ತೆ ಪಂಪು ಹಾಕಿ ತುಂಬಬೇಕು. ಒಂದು ಕೈಯಲ್ಲಿ ತೆಗೆದು ಇನ್ನೊಂದು ಕೈಯಲ್ಲಿ ಹಾಕುವ ಈ ಕೆಲಸಕ್ಕೆ ಎರಡು ಸಲ ಬಿಲ್ಲು.

ಕೂಲರ್ ಖೋಲಿಯ ಹೊರಗಿರಬೇಕು, ನೆರಳಿನಲ್ಲಿ, ಆದಷ್ಟೂ ಉತ್ತರದ ಗೋಡೆಗೆ. ಹೊರಗಿನ ಒಣ ಗಾಳಿ ಎಳೆದು ಒಳಗೆ ಬಿಟ್ಟರಷ್ಟೇ ಅದು ಕೆಲಸ ಮಾಡುತ್ತದೆ. ಒಳಗಿಟ್ಟರೆ ಅದೇ ಒದ್ದೆ ಗಾಳಿಯನ್ನು ತಿರುತಿರುಗಿ ಎಳೆಯುತ್ತದೆ, ತಂಪಾಗದೆ ಬರೀ ಜಿಗುಟಾಗುತ್ತದೆ. ಎದುರಿನ ಗೋಡೆಯ ಮೇಲ್ಭಾಗದಲ್ಲಿ ಗಾಳಿ ಹೊರಹೋಗಲು ದಾರಿ ಇರಲಿ. ಎರಡೂ ಬಾಯಿಗೆ ನೊಣ ನುಸುಳದಂಥ ಸಣ್ಣ ಕಣ್ಣಿನ ಜಾಳಿಗೆ ಹಾಕಿ. ಕೂಲರಿನ ಗಾಳಿ ನೇರವಾಗಿ ಚೀಲಕ್ಕೆ ಬಡಿದರೆ ಮೂಡುತ್ತಿರುವ ಮೊಗ್ಗುಗಳು ಒಣಗಿ ಕಂದುತ್ತವೆ. ಅದರ ಮುಂದೆ ಒಂದು ಒದ್ದೆ ಗೋಣಿ ತಟ್ಟು ಇಳಿಬಿಟ್ಟರೆ ಗಾಳಿ ಎರಡು ಬದಿಗೆ ಹರಡಿಕೊಂಡು ಹೋಗುತ್ತದೆ.

ನಮ್ಮ ಬೋರಿನ ನೀರು ಗಡಸು, ಸುಣ್ಣಕಲ್ಲಿನ ನಾಡು ಇದು. ಒಂದೇ ತಿಂಗಳಿಗೆ ಪ್ಯಾಡಿನ ಮೇಲೆ ಬಿಳೀ ಪೊರೆ ಕಟ್ಟುತ್ತದೆ, ಮಂಜಿನ ನಾಜಲ್ ಕಣ್ಣು ಮುಚ್ಚುತ್ತದೆ. ವಾರಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಖಾಲಿ ಮಾಡಿ ಹೊಸದು ತುಂಬಿ. ನಾಜಲ್‌ಗಳನ್ನು ನಿಂಬೆಹುಳಿ ಪುಡಿ ಕರಗಿಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಹುಲ್ಲಿನ ಪ್ಯಾಡಾದರೆ ಪ್ರತಿ ಹಂಗಾಮಿಗೆ ಹೊಸದು ಹಾಕಿ, ಹಳೆಯದರಲ್ಲಿ ಹಸಿರು ಬೂಸ್ಟು ಮನೆ ಮಾಡಿರುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಕೂಲರ್ ಬಂದ್ ಮಾಡಿ. ಗಾಳಿಯೇ ಒದ್ದೆಯಾದ ಮೇಲೆ ಅದು ಓಡುವುದು ಬಿಲ್ಲಿಗಾಗಿ ಮಾತ್ರ.

ಫ್ಯಾನಿಗೆ ಸಾದಾ ಸ್ವಿಚ್ಚಿನ ಬದಲು ಟೈಮರ್ ಹಾಕಿಸಿ, ತಾಸಿಗೆ 10ರಿಂದ 15 ನಿಮಿಷ ಓಡಲಿ. ಗಾಳಿ ಸಾಲದಿದ್ದರೆ ಅಣಬೆಯೇ ಹೇಳುತ್ತದೆ: ಕಾಂಡ ಉದ್ದ, ಟೊಪ್ಪಿಗೆ ಸಣ್ಣ. ಹಾಗೆ ಕಂಡರೆ ಐದು ನಿಮಿಷ ಹೆಚ್ಚಿಸಿ.

7. ಹುಲ್ಲು ಬೇಯಿಸಲು ಕರೆಂಟ್ ಬೇಡ

ಚೀಲಕ್ಕೆ ತುಂಬುವ ಹುಲ್ಲನ್ನು ಮೊದಲು ಬಿಸಿನೀರಿನಲ್ಲಿ ಬೇಯಿಸಬೇಕು. 200 ಲೀಟರಿನ ಡ್ರಮ್ಮಿನ ನೀರನ್ನು 25ರಿಂದ 80 ಡಿಗ್ರಿಗೆ ಏರಿಸಲು ಹೀಟರ್ ಹಚ್ಚಿದರೆ ಸುಮಾರು 13 ಯೂನಿಟ್ ಹೋಗುತ್ತದೆ, ಖೋಲಿ ಮೂರು ದಿನ ನಡೆಯುವಷ್ಟು. ತೊಗರಿ ನಾಡಿನವರು ನಾವು, ರಾಶಿ ಮುಗಿದ ಮೇಲೆ ಹೊಲದ ತುಂಬ ತೊಗರಿ ಕಟ್ಟಿಗೆ. ಅದನ್ನೇ ಉರಿಸಿ. ಮನೆಯ ಮೇಲೆ ಸೋಲಾರ್ ನೀರಿನ ಹೀಟರ್ ಇದ್ದರೆ ಅಲ್ಲಿಂದ 60 ಡಿಗ್ರಿಯ ನೀರು ಇಳಿಸಿಕೊಳ್ಳಿ, ಕಟ್ಟಿಗೆಯೂ ಅರ್ಧಕ್ಕಿಂತ ಕಡಿಮೆ ಸಾಕು.

8. ಬ್ಯಾಟರಿ, ಸೋಲಾರ್, ಜನರೇಟರ್

ಈಗ ಯಂತ್ರದ ಮಾತು. ಮೊದಲ ಹೆಜ್ಜೆಯಲ್ಲಿ ಅಳೆದ ತಾಸು ನೆನಪಿದೆಯಲ್ಲ, ಖೋಲಿ 5 ತಾಸು ತಡೆಯುತ್ತದೆ ಎಂದಾದರೆ ಬ್ಯಾಟರಿ ಬೇಕಾಗುವುದು ಆರನೇ ತಾಸಿನಿಂದ. ಬಹಳ ಜನ ಇನ್ವರ್ಟರಿಗೆ ಕೂಲರನ್ನೂ ಸೇರಿಸಿಬಿಡುತ್ತಾರೆ. ಕರೆಂಟ್ ಹೋದ ಕ್ಷಣದಿಂದಲೇ ಅದು ಬ್ಯಾಟರಿ ಹೀರತೊಡಗುತ್ತದೆ, ಖೋಲಿ ಇನ್ನೂ ತಂಪಾಗಿರುವಾಗಲೇ. ನಿಜವಾಗಿ ಬೇಕಾದ ಹೊತ್ತಿಗೆ ಬ್ಯಾಟರಿ ಖಾಲಿ. ಕೂಲರಿಗೆ ಬೇರೆ ಸ್ವಿಚ್ ಇಡಿ, ನೀವೇ ಕೈಯಾರೆ ಹಚ್ಚಿ.

150 ಎಎಚ್, 12 ವೋಲ್ಟಿನ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್‌ತಾಸು ಇದೆ. ಸೀಸದ ಬ್ಯಾಟರಿ ಬಾಳಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಇನ್ವರ್ಟರ್ ತಾನೂ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು 750ರ ಹತ್ತಿರ. 150 ವ್ಯಾಟಿನ ಕೂಲರ್, ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು ಕೂಡಿ ಮೂರೂವರೆ ತಾಸು. ಬರೀ ಫ್ಯಾನಾದರೆ 12 ತಾಸು. ಬ್ಯಾಟರಿಯನ್ನು ಅಣಬೆ ಖೋಲಿಯೊಳಗೆ ಇಡಲೇಬಾರದು. ಒಳಗಿನ ತೇವಕ್ಕೆ ಟರ್ಮಿನಲ್ ತಿಂದುಹೋಗುತ್ತದೆ, ಚಾರ್ಜ್ ಆಗುವಾಗ ಹೊರಬರುವ ಗಾಳಿ ಹೊತ್ತಿಕೊಳ್ಳುವಂಥದ್ದು. ಬಿಸಿಲು ಬೀಳುವ ಪಡಸಾಲೆಯೂ ಬೇಡ, ಕಾವು ಏರಿದಷ್ಟೂ ಬ್ಯಾಟರಿಯ ಆಯುಷ್ಯ ಇಳಿಯುತ್ತದೆ. ಗಾಳಿಯಾಡುವ, ನೆರಳಿರುವ ಮೂಲೆ ನೋಡಿ.

ಸೋಲಾರ್ ನಮ್ಮ ಕಡೆ ಒಳ್ಳೆಯ ಮಾತೇ. ಒಂದು ಕಿಲೋವ್ಯಾಟ್ ಪ್ಯಾನೆಲ್ ಸ್ವಚ್ಛ ಬಿಸಿಲಿನ ದಿನ 4ರಿಂದ 5 ಯೂನಿಟ್ ಕೊಡುತ್ತದೆ, ನಮ್ಮ ಖೋಲಿಯ ಇಡೀ ದಿನದ ಲೆಕ್ಕ ಅಷ್ಟೇ. ಬಿಸಿಲು ಸುಡುವ ಹೊತ್ತಿಗೇ ಕೂಲರ್ ಬೇಕು, ಪ್ಯಾನೆಲ್ ಹೆಚ್ಚು ಕೊಡುವುದೂ ಆಗಲೇ. ಆದರೆ ಕೊಳ್ಳುವ ಮುಂಚೆ ಒಂದು ಮಾತು ಕೇಳಿ ಖಚಿತ ಮಾಡಿಕೊಳ್ಳಿ. ಲೈನಿಗೆ ಜೋಡಿಸಿ ಯೂನಿಟ್ ಮಾರುವ ಆನ್‌ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವ ಕಾಯಲೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಮೇಲೆ ಬಿಸಿಲು ಉರಿಯುತ್ತಿದ್ದರೂ ನಿಮ್ಮ ಫ್ಯಾನು ತಿರುಗುವುದಿಲ್ಲ. ನಮಗೆ ಬೇಕಾದದ್ದು ಬ್ಯಾಟರಿ ಇರುವ ಆಫ್‌ಗ್ರಿಡ್ ಅಥವಾ ಹೈಬ್ರಿಡ್. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆಗಳಿಗೆ, ಎಲ್‌ಟಿ–5 ಮೀಟರಿಗಲ್ಲ. ಹಾಗೆ ಆಸೆ ತೋರಿಸುವವರ ಮಾತು ನಂಬಿ ಮುಂಗಡ ಕೊಡಬೇಡಿ. ಎರೆ ಹೊಲದ ಧೂಳು ಪ್ಯಾನೆಲ್ ಮೇಲೆ ಕೂಡುತ್ತದೆ, ವಾರಕ್ಕೆರಡು ಸಲ ಬೆಳಗ್ಗೆ ತಣ್ಣಗಿರುವಾಗಲೇ ತೊಳೆಯಿರಿ.

ಜನರೇಟರ್ ಇಟ್ಟುಕೊಳ್ಳುವವರು, ಅದನ್ನೂ ಲೈನನ್ನೂ ಒಟ್ಟಿಗೆ ಸೇರಗೊಡದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಒಂದು ನಿಮಿಷವೂ ಓಡಿಸಬೇಡಿ. ನಿಮ್ಮ ಕರೆಂಟು ಹಿಂದಕ್ಕೆ ಲೈನಿಗೆ ಹರಿದರೆ ಕಂಬದ ಮೇಲಿರುವ ಲೈನ್‌ಮನ್ ಪ್ರಾಣಕ್ಕೆ ಬರುತ್ತದೆ. ಅದರ ಹೊಗೆ ಖೋಲಿಯೊಳಗೆ ಹೋಗದಷ್ಟು ದೂರ, ಗಾಳಿಯ ಕೆಳದಿಕ್ಕಿನಲ್ಲಿ ಇಡಿ. ಆ ಹೊಗೆ ಅಣಬೆಗಿಂತ ಮೊದಲು ಒಳಗಿರುವ ಮನುಷ್ಯರಿಗೆ ಕುತ್ತು.

9. ಒದ್ದೆ ಖೋಲಿಯ ವೈರಿಂಗ್

ನೆಲ ಒದ್ದೆ, ಗೋಡೆ ಒದ್ದೆ, ಕೈ ಒದ್ದೆ. ಇಂಥ ಜಾಗದಲ್ಲಿ ಕರೆಂಟ್ ಸೋರಿದ ಕೂಡಲೇ ತಾನೇ ಕತ್ತರಿಸುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಕೆಲಸಕ್ಕೆ ಯಾರನ್ನೂ ಕಳಿಸಬೇಡಿ. ಸ್ವಿಚ್ಚುಗಳೆಲ್ಲ ಖೋಲಿಯ ಹೊರಗಿರಲಿ, ಒಳಗಿನ ದೀಪಕ್ಕೆ ನೀರು ಹೋಗದ ಮುಚ್ಚಳವಿರಲಿ. ಅರ್ಥಿಂಗ್ ವಿಚಾರದಲ್ಲಿ ನಮ್ಮ ಎರೆಮಣ್ಣು ಮೋಸ ಮಾಡುತ್ತದೆ. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ಥಿಂಗ್ ಗುಂಡಿಯ ಮಣ್ಣು ಬೇಸಿಗೆಯಲ್ಲಿ ಬಿರಿದು ರಾಡಿನಿಂದ ದೂರ ಸರಿಯುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಅದಕ್ಕೆ ಹಾಕಿ.

ವೋಲ್ಟೇಜ್ ಇಳಿದಾಗ ಪಂಪಿನ ಮೋಟಾರು ಹೆಚ್ಚು ಆಂಪಿಯರ್ ಎಳೆದು ಸುಟ್ಟುಹೋಗುತ್ತದೆ. ಕರೆಂಟ್ ಹೋಗಿ ಬಂದಾಗ ಮೊದಲ ಒಂದೆರಡು ನಿಮಿಷ ವೋಲ್ಟೇಜ್ ಕುಣಿಯುತ್ತದೆ. ಹೆಚ್ಚು ಕಡಿಮೆಯಾದರೆ ತಾನೇ ಕತ್ತರಿಸಿ, ಮೂರು ನಿಮಿಷ ಕಾದು ಜೋಡಿಸುವ ಸಾಧನವನ್ನು ಮೇನ್ ಬೋರ್ಡಿನಲ್ಲೇ ಹಾಕಿಸಿ. ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಯಲ್ಲೇ ಇವೆಲ್ಲ ಆಗಲಿ.

10. ಕರೆಂಟ್ ಹೋದ ಕೂಡಲೇ

ಗಡಿಯಾರ ನೋಡಿ, ಬಾಗಿಲ ಬಳಿಯ ವಹಿಯಲ್ಲಿ ಹೊತ್ತು ಬರೆಯಿರಿ. ಜೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆಯನ್ನು ಅದರ ಪಕ್ಕದಲ್ಲೇ ಬರೆಯಿರಿ. ಪದೇ ಪದೇ ಒಂದೇ ತೊಂದರೆಯಾದಾಗ ಲಿಖಿತ ದೂರಿಗೂ, ಗ್ರಾಹಕರ ಕುಂದುಕೊರತೆ ವೇದಿಕೆಗೂ ಈ ವಹಿಯೇ ನಿಮ್ಮ ಸಾಕ್ಷಿ.

ಹಗಲಾದರೆ ಖೋಲಿಯ ಬಾಗಿಲು, ಕಿಂಡಿ ಎಲ್ಲ ಮುಚ್ಚಿ. ಹೊರಗಿನ 43 ಡಿಗ್ರಿಯ ಗಾಳಿ ಒಳಗೆ ಬರಬಾರದು. ಗೋಣಿ ತಟ್ಟುಗಳ ಮೇಲೆ ನೀರು ಸುರಿಯಿರಿ. ಮಾಳಿಗೆಯ ಮೇಲೆ ಒಂದು ಡ್ರಮ್ ಇಟ್ಟು ಹನಿ ನೀರಾವರಿಯ ಸಣ್ಣ ಪೈಪಿನಿಂದ ತಟ್ಟಿಗೆ ಹನಿಸುವ ಹಾಗೆ ಮಾಡಿಕೊಂಡರೆ ಇದಕ್ಕೆ ಕೈಯೂ ಬೇಡ, ಕರೆಂಟೂ ಬೇಡ. ತೇವಕ್ಕೆ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್ ಬಳಸಿ. ತೊಗರಿಗೆ ಕಾಯಿಕೊರಕದ ಎಣ್ಣೆ (ಕೀಟನಾಶಕ) ಹೊಡೆದ ಸ್ಪ್ರೇಯರನ್ನು ಎಷ್ಟು ತೊಳೆದಿದ್ದರೂ ತರಬೇಡಿ, ಅಣಬೆಗೆಂದೇ ಹೊಸದೊಂದು ಇರಲಿ. ಫ್ರಿಜ್ಜಿನ ಬಾಗಿಲು ತೆರೆಯಬೇಡಿ. ಖಾಲಿ ಜಾಗದಲ್ಲೆಲ್ಲ ನೀರಿನ ಬಾಟಲಿ ತುಂಬಿಟ್ಟಿದ್ದರೆ ಆ ತಂಪೇ ಬಹಳ ಹೊತ್ತು ಹಿಡಿಯುತ್ತದೆ.

ರಾತ್ರಿಯಾದರೆ ಇದರ ವಿರುದ್ಧ ಮಾಡಿ. ಹೊರಗಿನ ಗಾಳಿ ಒಳಗಿಗಿಂತ ತಂಪಾಗುತ್ತಿದ್ದಂತೆ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಎರಡೂ ತೆರೆಯಿರಿ. ಬಿಸಿಗಾಳಿ ಮೇಲಿನಿಂದ ತಾನೇ ಹೊರಟು ಕೆಳಗಿನಿಂದ ತಂಪು ಬರುತ್ತದೆ. ಬೂಸ್ಟು ಹಬ್ಬುತ್ತಿರುವ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಬಿಡಿಸಿ, ನಾಲ್ಕು ಬೆರಳು ಸಂದಿ ಬಿಟ್ಟು ಫರಸಿಯ ಮೇಲೆ ಹರಡಿ. ಆ ಏಪ್ರಿಲ್ ರಾತ್ರಿ ನಾನು ಇದೊಂದು ಮಾಡಿದ್ದರೂ 180ರಲ್ಲಿ ಬಹಳಷ್ಟು ಉಳಿಯುತ್ತಿದ್ದವು.

ಅರ್ಧ ತಾಸಿಗೊಮ್ಮೆ ಚೀಲದೊಳಗಿನ ಥರ್ಮಾಮೀಟರ್ ನೋಡುತ್ತಿರಿ. ಚಿಪ್ಪಣಬೆಗೆ 31, ಹಾಲಣಬೆಗೆ 37 ಮುಟ್ಟಿದಾಗ ಇನ್ವರ್ಟರಿನಿಂದ ಕೂಲರ್ ಹಚ್ಚಿ. ಅಲ್ಲಿಯವರೆಗೆ ಮುಟ್ಟಬೇಡಿ. ಕರೆಂಟ್ ಬಂದ ಮೇಲೆ ಮೊದಲು ಕೂಲರಿನ ನೀರಿನ ಪಂಪು, ಪ್ಯಾಡ್ ಒದ್ದೆಯಾದ ಮೇಲೆ ಕೂಲರಿನ ಫ್ಯಾನು, ಅದಾಗಿ ಹತ್ತು ನಿಮಿಷಕ್ಕೆ ಎಕ್ಸಾಸ್ಟ್. ಬಂದ ಹೊತ್ತನ್ನೂ ಆ ಕ್ಷಣದ ಚೀಲದ ಡಿಗ್ರಿಯನ್ನೂ ವಹಿಯಲ್ಲಿ ಬರೆದು ಬಾಗಿಲು ಎಳೆದುಕೊಳ್ಳಿ.